ಗಾರ್ಮೆಂಟ್ಸ್ ಕಾರ್ಮಿಕರ ಆರೋಗ್ಯ ಕಾಪಾಡುವುದು ಹೇಗೆ: ಕಲ್ಯಾಣಾಧಿಕಾರಿಗಳಿಗೂ ಕಾರ್ಮಿಕ ಪ್ರತಿನಿಧಿಗಳಿಗೂ

ಕಾರ್ಖಾನೆಯ ಲೆಕ್ಕದಲ್ಲಿ ಕೆಲಸದ ದಿನ ಗೇಟಿನಲ್ಲಿ ಪಂಚ್ ಮಾಡಿದಾಗ ಶುರುವಾಗುತ್ತದೆ. ಆದರೆ ಆಯನೂರು, ಕುಂಸಿ, ಹೊಳೆಹೊನ್ನೂರಿನ ಸುತ್ತಲ ಹಳ್ಳಿಗಳಿಂದ ಶಿವಮೊಗ್ಗದ ಗಾರ್ಮೆಂಟ್ಸ್‌ಗೆ ಬರುವ ಹೆಣ್ಣುಮಗಳು ಅಷ್ಟು ಹೊತ್ತಿಗಾಗಲೇ ಒಲೆ ಹಚ್ಚಿ, ಕೊಟ್ಟಿಗೆಯ ಕೆಲಸ ಮುಗಿಸಿ, ಮಕ್ಕಳಿಗೂ ತನಗೂ ಬುತ್ತಿ ಕಟ್ಟಿಕೊಂಡು, ಕಂಪನಿ ಬಸ್ಸಿಗಾಗಿ ರಸ್ತೆಯವರೆಗೆ ನಡೆದು ಬಂದಿರುತ್ತಾಳೆ. ಆದ್ದರಿಂದ ಆರೋಗ್ಯದ ಕೆಲಸ ಕೈಗೆತ್ತಿಕೊಳ್ಳುವವರು ಮೊದಲು ಏರ್ಪಡಿಸಬೇಕಾದದ್ದು ತಪಾಸಣಾ ಶಿಬಿರವನ್ನಲ್ಲ. ಒಂದೊಂದು ಬಸ್ ಮಾರ್ಗವನ್ನೂ ಹಿಡಿದು, ಮೊದಲ ನಿಲ್ದಾಣದಲ್ಲಿ ಹತ್ತುವವರು ಎಷ್ಟು ಗಂಟೆಗೆ ಏಳುತ್ತಾರೆ, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತಾರೆ, ಬೆಳಗಿನ ತಿಂಡಿಯನ್ನು ಎಲ್ಲಿ ತಿನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು. ತಿಂಡಿ ತಿನ್ನದೆಯೇ ಬಂದು ಮೆಷಿನ್ ಮುಂದೆ ಕೂರುವವರು ಹೆಚ್ಚಿದ್ದರೆ, ಕ್ಯಾಂಟೀನನ್ನು ಮೊದಲ ಬೆಲ್‌ಗೆ ಅರ್ಧ ಗಂಟೆ ಮುಂಚೆ ತೆರೆಸುವುದೇ ಆ ಕಾರ್ಖಾನೆಯ ಮೊದಲ ಆರೋಗ್ಯ ಕಾರ್ಯಕ್ರಮವಾಗುತ್ತದೆ. ತಲೆ ಸುತ್ತಿ ಬೀಳುವ ಪ್ರಕರಣಗಳಲ್ಲಿ ಎಷ್ಟೋ ಖಾಲಿ ಹೊಟ್ಟೆಯವೇ ಆಗಿರುತ್ತವೆ.

ಎರಡನೆಯದು ನೀರು ಮತ್ತು ಶೌಚಾಲಯ. ಮಧ್ಯಾಹ್ನದ ಊಟದ ಬೆಲ್ ಆದಾಗ ಲೈನಿನ, ಅಂದರೆ ಹೊಲಿಗೆ ಮೆಷಿನ್‌ಗಳ ಸಾಲಿನ, ಉದ್ದಕ್ಕೂ ಒಮ್ಮೆ ನಡೆದು, ಮೆಷಿನ್ ಪಕ್ಕದಲ್ಲಿಟ್ಟ ನೀರಿನ ಬಾಟಲಿಗಳನ್ನು ನೋಡಿ. ಬೆಳಿಗ್ಗೆ ತುಂಬಿಸಿ ತಂದದ್ದು ಹಾಗೆಯೇ ಇದ್ದರೆ, ಅವರು ಬಾಯಾರಿಕೆಯನ್ನು ತಡೆದುಕೊಂಡಿದ್ದಾರೆ ಎಂದರ್ಥ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ. ಎದ್ದು ಹೋದರೆ ಹೊಲಿಯಬೇಕಾದ ಬಟ್ಟೆಯ ಬಂಡಲ್ ಗುಡ್ಡೆ ಬೀಳುತ್ತದೆ, ಮುಂದಿನ ಟೈಲರ್ ಕೈ ಖಾಲಿಯಾಗುತ್ತದೆ, ಸೂಪರ್‌ವೈಸರ್ ಕೂಗುತ್ತಾರೆ. ಉರಿಮೂತ್ರ ಮತ್ತು ಮೂತ್ರನಾಳದ ಸೋಂಕು ಮತ್ತೆ ಮತ್ತೆ ಬರುವುದಕ್ಕೆ ಈ ಸರಪಳಿಯೇ ಒಂದು ಮುಖ್ಯ ಕಾರಣವಾಗಿರುವಾಗ, ‘ಹೆಚ್ಚು ನೀರು ಕುಡಿಯಿರಿ’ ಎಂಬ ಪೋಸ್ಟರ್ ಅಂಟಿಸಿ ಪ್ರಯೋಜನವಿಲ್ಲ. ಪ್ರತಿ ಲೈನಿಗೂ ಹೊಲಿಗೆಯ ಎಲ್ಲ ಹಂತಗಳನ್ನು ಬಲ್ಲ, ಎದ್ದು ಹೋದವರ ಜಾಗದಲ್ಲಿ ಕೂರುವ ಒಬ್ಬ ರಿಲೀವರ್‌ರನ್ನು ಕೊಡಿಸಿ, ಟೋಕನ್ ಕೊಟ್ಟು ಶೌಚಾಲಯಕ್ಕೆ ಕಳಿಸುವ ಪದ್ಧತಿ ಇದ್ದರೆ ಅದನ್ನು ನಿಲ್ಲಿಸಿ. ಒಂದು ಪೀಸಿಗೆ ಇಂತಿಷ್ಟು ನಿಮಿಷ ಎಂದು ಟಾರ್ಗೆಟ್ ಲೆಕ್ಕ ಹಾಕುವಾಗ ದಣಿವಿಗೂ ಸ್ವಂತ ಅಗತ್ಯಗಳಿಗೂ ಒಂದು ಪಾಲು ಸೇರಿಸುವುದು ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು ಕಲಿತ ಪಾಠದಲ್ಲೇ ಇದೆ. ಆ ಪಾಲು ಕಾಗದದ ಮೇಲೆ ಎಷ್ಟಿದೆ, ಲೈನಿನಲ್ಲಿ ನಿಜಕ್ಕೂ ಎಷ್ಟು ಸಿಗುತ್ತಿದೆ ಎಂದು ಅವರನ್ನೇ ಕೂರಿಸಿಕೊಂಡು ಕೇಳಿ. ಇನ್ನು ಶೌಚಾಲಯದಲ್ಲಿ ಚಿಲಕ, ನೀರು, ಮುಚ್ಚಳವಿರುವ ಕಸದ ಡಬ್ಬಿ, ಪ್ಯಾಡ್ ಇವೆಯೇ ಎಂದು ಮಹಿಳಾ ಸಿಬ್ಬಂದಿಯೊಬ್ಬರು ದಿನವೂ ಖುದ್ದಾಗಿ ನೋಡಬೇಕು.

ರಕ್ತಹೀನತೆಯ ಕಡೆಗೂ ಗಮನವಿರಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯಲ್ಲದ ಮಹಿಳೆಯ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ವೈದ್ಯರ ಸಲಹೆಯಂತೆ ಕಬ್ಬಿಣಾಂಶದ ಮಾತ್ರೆ ಶುರುವಾಗಬೇಕು. ಮಲೆನಾಡಿನ ಊಟದಲ್ಲಿ ಅನ್ನದ ಪಾಲು ಹೆಚ್ಚು. ಆದರೆ ಹುರುಳಿ, ನುಗ್ಗೆಸೊಪ್ಪು, ಹರಿವೆ ನಮ್ಮ ಹಿತ್ತಿಲಲ್ಲೇ ಸಿಗುವಂಥವು. ಕ್ಯಾಂಟೀನಿನಲ್ಲಿ ವಾರಕ್ಕೆ ಕೆಲವು ದಿನ ಹುರುಳಿ ಸಾರು, ಸೊಪ್ಪಿನ ಪಲ್ಯ, ಜೊತೆಗೊಂದು ನಿಂಬೆ ಹೋಳು ಇಟ್ಟರೆ ಸಾಕು. ಊಟವಾದ ಕೂಡಲೇ ಕೊಡುವ ಚಹಾ ಅಥವಾ ಕಾಫಿ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವುದರಿಂದ ಅದನ್ನು ಒಂದು ಗಂಟೆ ಮುಂದಕ್ಕೆ ಹಾಕಿಸಬೇಕು. ಇದಕ್ಕೆ ಕಾರ್ಖಾನೆಗೆ ಒಂದು ಪೈಸೆ ಖರ್ಚಿಲ್ಲ, ಆದರೂ ವಿರೋಧ ಬರುವುದು ಇದಕ್ಕೇ!

ಬೆನ್ನು, ಕುತ್ತಿಗೆ ಮತ್ತು ಭುಜದ ನೋವಿಗೆ ಮುಲಾಮು ಹಂಚುವುದಕ್ಕಿಂತ ಕೂರುವ ಆಸನವನ್ನು ಸರಿಪಡಿಸುವುದು ಮೇಲು. ಒರಗುವುದಕ್ಕೆ ಆಸರೆ ಇರುವ, ಎತ್ತರ ಹೊಂದಿಸಬಹುದಾದ ಕುರ್ಚಿ ಬೇಕು. ಚೆಕಿಂಗ್ ಮತ್ತು ಇಸ್ತ್ರಿ ವಿಭಾಗದಲ್ಲಿ ದಿನವಿಡೀ ನಿಂತಿರುವವರ ಕಾಲ ಕೆಳಗೆ ದಪ್ಪನೆಯ ರಬ್ಬರ್ ಮ್ಯಾಟ್ ಹಾಕಿಸಿ, ನಡುವೆ ಕೂರಲು ಸ್ಟೂಲ್ ಇಡಿಸಿ. ಸೂಜಿಯ ಬಳಿಯ ಗಾರ್ಡ್ ಅನ್ನು ವೇಗಕ್ಕೆ ಅಡ್ಡಿಯೆಂದು ಬಿಚ್ಚಿಡುವುದು ಸಾಮಾನ್ಯ. ಬಿಚ್ಚಿದವರನ್ನು ಬೈಯುವ ಮೊದಲು ಟಾರ್ಗೆಟ್ ನೋಡಿ.

ಮಳೆಗಾಲಕ್ಕೆ ಮಲೆನಾಡಿನಲ್ಲಿ ಬೇರೆಯೇ ಸಿದ್ಧತೆ ಬೇಕು. ನೆನೆದ ಸೀರೆ, ಚೂಡಿದಾರದಲ್ಲೇ ಸಂಜೆವರೆಗೆ ಕೂತರೆ ಶೀತ, ಕೆಮ್ಮು, ಚರ್ಮದ ತುರಿಕೆ ತಪ್ಪದು. ಬಟ್ಟೆ ಬದಲಿಸುವ ಕೋಣೆ, ಛತ್ರಿ ಮತ್ತು ರೇನ್‌ಕೋಟ್ ಹರವುವ ಜಾಗ, ಲಾಕರಿನಲ್ಲಿ ಒಂದು ಜೊತೆ ಒಣ ಬಟ್ಟೆ ಇರಬೇಕು. ಜ್ವರ ಬಂದವರನ್ನು ಒಂದು ಮಾತ್ರೆ ಕೊಟ್ಟು ಮತ್ತೆ ಲೈನಿಗೆ ಕಳಿಸುವುದು ಇಲ್ಲಿ ಅಪಾಯದ ಕೆಲಸ. ಮಳೆಗಾಲದಲ್ಲಿ ಗದ್ದೆ ಕೆಲಸಕ್ಕೂ ಇಳಿಯುವವರಿಗೆ ಇಲಿ ಜ್ವರ ತಗಲಬಹುದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯಂತೂ ಚಳಿಗಾಲದಿಂದ ಬೇಸಿಗೆಯವರೆಗೆ ಕಾಡಂಚಿನ ಊರುಗಳಲ್ಲಿ ರಕ್ತ ಹೀರುವ ಉಣ್ಣೆ ಹುಳುಗಳ (ಉಣುಗುಗಳ) ಮೂಲಕ ಹರಡುತ್ತದೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಮನೆಗೆ ರಜೆಯಲ್ಲಿ ಹೋಗಿ ಸೌದೆಗೋ ದರಗಿಗೋ (ಒಣ ಎಲೆಗೋ) ಕಾಡು ಹೊಕ್ಕು ಬಂದವರಿಗೆ ತೀವ್ರ ಜ್ವರ, ಮೈಕೈ ನೋವು ಕಾಣಿಸಿದರೆ, ಆ ವಿಷಯವನ್ನು ವೈದ್ಯರಿಗೆ ತಿಳಿಸಿ ಅಂದೇ ರಕ್ತಪರೀಕ್ಷೆ ಮಾಡಿಸಬೇಕು.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ, ವಿಷಯದಲ್ಲಿ ಕಲ್ಯಾಣಾಧಿಕಾರಿಯ ಒಂದು ಗಂಟೆಯ ಕೆಲಸ ಒಂದು ಕುಟುಂಬವನ್ನೇ ಸಾಲದಿಂದ ಉಳಿಸಬಲ್ಲದು. ಕಾರ್ಮಿಕರ ವೇತನದಿಂದ ಶೇ. 0.75, ಮಾಲೀಕರಿಂದ ಶೇ. 3.25 ವಂತಿಗೆ ಸಂದಾಯವಾಗುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿದ್ದರೆ, ಅದಕ್ಕೆ ಹೊಂದಿದ ಮುಂದಿನ ಅವಧಿಯಲ್ಲಿ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಹಣ ಸಿಗುತ್ತದೆ. ಆದರೆ ಇಎಸ್‌ಐ ವೈದ್ಯರ ಪ್ರಮಾಣಪತ್ರ ಇರಲೇಬೇಕು. ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರುವಾಗ ಹಳೆಯ ವಿಮಾ ಸಂಖ್ಯೆ ಹೇಳದೆ ಹೊಸದನ್ನು ಮಾಡಿಸಿಕೊಂಡರೆ ದಿನಗಳ ಲೆಕ್ಕ ಎರಡು ಕಡೆ ಹಂಚಿಹೋಗುತ್ತದೆ. ಆದ್ದರಿಂದ ಸೇರ್ಪಡೆಯ ದಿನವೇ ‘ಹಿಂದೆ ಎಲ್ಲಾದರೂ ಕೆಲಸ ಮಾಡಿದ್ದೀರಾ ಅಮ್ಮ?’ ಎಂದು ಕೇಳಿ ಹಳೆಯ ಸಂಖ್ಯೆಯನ್ನೇ ಮುಂದುವರಿಸಿ, ಗಂಡ, ಮಕ್ಕಳು, ಅವಲಂಬಿತ ತಂದೆ ತಾಯಿಯ ಹೆಸರುಗಳನ್ನು ಸೇರಿಸಿಬಿಡಬೇಕು.

ಕಡೆಯದಾಗಿ, ಬೈಗುಳ. ಎಲ್ಲರೆದುರು ಏಕವಚನದಲ್ಲಿ ಗದರಿಸುವುದನ್ನು ಉತ್ಪಾದನೆಯ ಭಾಗವೆಂದು ಒಪ್ಪಿಕೊಂಡ ಫ್ಲೋರಿನಲ್ಲಿ ನಿದ್ದೆಗೇಡು, ತಲೆನೋವು, ಕಾರಣ ಹೇಳದ ಗೈರುಹಾಜರಿ ಹೆಚ್ಚುತ್ತವೆ. ಸೂಪರ್‌ವೈಸರ್‌ಗಳ ಬಡ್ತಿಗೆ ಪೀಸಿನ ಲೆಕ್ಕದ ಜೊತೆಗೆ ಅವರ ಲೈನಿನಲ್ಲಿ ಎಷ್ಟು ಮಂದಿ ಕೆಲಸ ಬಿಟ್ಟರು ಎಂಬುದನ್ನೂ ಪರಿಗಣಿಸುವಂತೆ ಆಡಳಿತವನ್ನು ಒಪ್ಪಿಸಿ. ಲೈಂಗಿಕ ಕಿರುಕುಳದ ದೂರುಗಳಿಗೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು ಮತ್ತು ದೂರನ್ನು ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ಸಮಿತಿಯ ಸದಸ್ಯೆಯರ ಹೆಸರುಗಳನ್ನು ಮತ್ತು ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಆಫೀಸಿನ ಗೋಡೆಯ ಬದಲು, ಯಾರ ಕಣ್ಣಿಗೂ ಬೀಳದೆ ನಿಂತು ಓದಲು ಆಗುವಂತೆ ಶೌಚಾಲಯದ ಬಾಗಿಲ ಒಳಬದಿಯಲ್ಲಿ ಅಂಟಿಸಿ.