ರಕ್ತ ಹೀರುವ ಉಣ್ಣೆ ಇರುವುದು ನಾಯಿಯ ಮೈಯಲ್ಲಷ್ಟೇ ಅಲ್ಲ, ಫರ್ಸಿ ಕಲ್ಲಿನ ಸಂದಿನಲ್ಲೂ

ಬಿಸಿಲು ಏರತೊಡಗಿತೆಂದರೆ ಕಲಬುರಗಿಯಲ್ಲಿ ನಾಯಿ ಸಾಕಿದವರದು ಒಂದೇ ಗೋಳು: "ಬೇವಿನ ನೀರು ಹಾಕಿ ತೊಳದೀವಿ, ಎಣ್ಣಿ ಹಚ್ಚೀವಿ, ಆದ್ರೂ ಉಣ್ಣಿ ಹೋಗವಲ್ವು ನೋಡ್ರಿ." ಎರಡು ಬೇಸಿಗೆ ನಾನೂ ಹೀಗೇ ಒದ್ದಾಡಿದ್ದೇನೆ. ನಮ್ಮ ನಾಯಿ ಕಾಳನ ಮೈಯಿಂದ ಆರಿಸಿ ತೆಗೆದ ನಾಲ್ಕೇ ದಿನಕ್ಕೆ ಮತ್ತೆ ಕಿವಿ ತುಂಬ ಉಣ್ಣೆ. ಒಂದು ದಿನ ಅಂಗಳದ ಶಹಾಬಾದ್ ಫರ್ಸಿಯೊಂದು ಅಲ್ಲಾಡುತ್ತದೆಂದು ಎತ್ತಿದೆವು. ಕಲ್ಲಿನ ಅಂಚಿಗೆ ಗಸಗಸೆಯಷ್ಟು ಸಣ್ಣ ಮರಿಗಳು ಹರಿದಾಡುತ್ತಿದ್ದವು, ಪಕ್ಕದಲ್ಲೇ ಕಂದು ಮೊಟ್ಟೆಗಳ ಗುಪ್ಪೆ. ನಾವು ತೊಳೆಯುತ್ತಿದ್ದುದು ನಾಯಿಯನ್ನು ಮಾತ್ರ.

ನಾಯಿಗೆ ಹತ್ತುವ ಕಂದು ಉಣ್ಣೆ ತನ್ನ ಜೀವಮಾನದಲ್ಲಿ 3 ಸಲ ರಕ್ತ ಕುಡಿಯುತ್ತದೆ, 3 ಸಲವೂ ಕೆಳಗೆ ಉದುರುತ್ತದೆ. ಕೊನೆಯ ಸಲ ಉದುರಿದ ಹೆಣ್ಣು ಗೋಡೆಯ ಬಿರುಕು, ಕಲ್ಲಿನ ಸಂದು ಹುಡುಕಿಕೊಂಡು ಹೋಗಿ ಸಾವಿರಾರು ಮೊಟ್ಟೆ ಇಡುತ್ತದೆ. ರಕ್ತಕ್ಕೆ ಕಾದಿರುವ ಉಣ್ಣೆಗಳು ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ನೆಲದಿಂದ.

ಮೊದಲು ಮನೆ. ನಾಯಿ ಮಲಗುವ ಜಾಗದ ಸುತ್ತಲಿನ ಫರ್ಸಿ ಸಂದುಗಳನ್ನು ಗಟ್ಟಿ ಬ್ರಷ್‌ನಿಂದ ಕೆರೆದು, ನಾಯಿಯನ್ನು ದೂರ ಕಟ್ಟಿ, ಕುದಿಯುವ ನೀರು ಸುರಿಯಿರಿ. ಒಣಗಿದ ಮೇಲೆ ಸಿಮೆಂಟಿನಿಂದ ಸಂದು ಮುಚ್ಚಿಸಿ. ಉಣ್ಣೆ ಗೋಡೆ ಹತ್ತುತ್ತದೆ, ಬಾಗಿಲ ಚೌಕಟ್ಟಿನ ಬಿರುಕುಗಳನ್ನೂ ನೋಡಿ. ಹಾಸಿದ ಗೋಣಿಚೀಲವನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ತೊಳೆದು ನಡು ಮಧ್ಯಾಹ್ನದ ಬಿಸಿಲಿಗೆ ಹಾಕಿ. ನಮ್ಮೂರಿನ ಬಿಸಿಲು ಇಲ್ಲಿ ನಮ್ಮ ಕಡೆಗೇ ಇದೆ. ಇದನ್ನು 3 ತಿಂಗಳು ಬಿಡದೆ ಮಾಡಬೇಕು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಮೊಟ್ಟೆಯವರೆಗಿನ ಸುತ್ತು ಎರಡು-ಮೂರು ತಿಂಗಳಲ್ಲಿ ಮುಗಿಯುತ್ತದೆ, ಮಧ್ಯೆ ಬಿಟ್ಟರೆ ಹೊಸ ತಲೆಮಾರು ಎದ್ದು ಬರುತ್ತದೆ.

ಆಮೇಲೆ ಕೈಯಿಂದ ತೆಗೆಯುವುದು. ಕಿವಿಯ ಒಳಗೆ-ಹಿಂದೆ, ಬೆರಳ ಸಂದು, ಕೊರಳಪಟ್ಟಿಯ ಅಡಿ, ಕಂಕುಳು, ಬಾಲದ ಬುಡ ಇವಿಷ್ಟನ್ನು ದಿನಾ ಸಂಜೆ ತಡವಿ ನೋಡಿ. ಚಿಮಟದಿಂದ ಉಣ್ಣೆಯನ್ನು ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಸೋಪಿನ ನೀರಿನ ಡಬ್ಬಿಗೆ ಹಾಕಿ. ಉಗುರಿನಿಂದ ಹಿಸುಕಬೇಡಿ, ಕಡ್ಡಿ ಗೀರಿ ಸುಡಬೇಡಿ. ಸೀಮೆಎಣ್ಣೆ ಒರೆಸುವ ರೂಢಿ ಇನ್ನೂ ಇದೆ. ಅದು ಚರ್ಮ ಸುಡುತ್ತದೆ, ನಾಯಿ ನೆಕ್ಕಿದರೆ ಹೊಟ್ಟೆಗೂ ವಿಷ.

ಬೇವಿನ ಸರದಿ ಈಗ. ಎರಡು ಹಿಡಿ ಸೊಪ್ಪನ್ನು 2 ಲೀಟರ್ ನೀರಿನಲ್ಲಿ ಕಾಲು ತಾಸು ಕುದಿಸಿ, ಪೂರ್ತಿ ಆರಿಸಿ, ಸೋಸಿ. ವಾರಕ್ಕೊಮ್ಮೆ, ಬಿಸಿಲೇರುವ ಮೊದಲೇ ಸ್ನಾನ ಮಾಡಿಸಿ, ಕಣ್ಣಿಗೆ ತಾಗದಂತೆ ಕೊನೆಗೆ ಈ ನೀರು ಸುರಿಯಿರಿ. ತುರಿಕೆ ತಗ್ಗುತ್ತದೆ, ಮೈ ತಂಪಾಗುತ್ತದೆ. ಹತ್ತಿ ಕುಳಿತ ಉಣ್ಣೆಯನ್ನು ಕೊಲ್ಲುವಷ್ಟು ಶಕ್ತಿ ಅದಕ್ಕಿಲ್ಲ. ಬೇವನ್ನು ನಾನು ಬಿಟ್ಟಿಲ್ಲ, ಅದರ ಮೇಲೆ ಪೂರ್ತಿ ಭಾರ ಹಾಕುವುದನ್ನು ಬಿಟ್ಟಿದ್ದೇನೆ. ಹೆಚ್ಚು ಹತ್ತಿದ್ದರೆ ಪಶುವೈದ್ಯರು ತೂಕ ನೋಡಿ ಕೊಡುವ ಹನಿ ಔಷಧಿ ಅಥವಾ ಗುಳಿಗೆಯೇ ಬೇಕು. ಎಮ್ಮೆ-ಆಕಳಿಗೆ ತಂದಿಟ್ಟ ಉಣ್ಣೆ ಔಷಧಿಯನ್ನು ಅಂದಾಜಿನ ಮೇಲೆ ಹಚ್ಚಬೇಡಿ. ನಾಯಿಯ ಔಷಧಿಯನ್ನು ಬೆಕ್ಕಿಗಂತೂ ಬೇಡವೇ ಬೇಡ, ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕು ನಡುಗಿ ಸಾಯಬಹುದು.

ಈಗ ಮನೆಗೇ ಬಂದು ನಾಯಿ ತೊಳೆದು ಕೂದಲು ಕತ್ತರಿಸುವವರೂ, 'ಹರ್ಬಲ್' ಎಣ್ಣೆ ಮಾರುವವರೂ ಇದ್ದಾರೆ. ಒಳ್ಳೆಯದೇ, ವಯಸ್ಸಾದವರ ಮನೆಗೆ ಅದು ದೊಡ್ಡ ಆಸರೆ. ಆದರೆ ಕೇಳಿ ನೋಡಿ: ಎಣ್ಣೆಯಲ್ಲಿ ಏನೇನಿದೆ? ಬೇರೆ ನಾಯಿಗೆ ಬಳಸಿದ ಬಾಚಣಿಕೆ ತೊಳೆದು ತಂದಿದ್ದೀರಾ? ಅವರು ನಿಮ್ಮ ನಾಯಿಯ ರೇಬೀಸ್ ಲಸಿಕೆಯ ಕಾರ್ಡು ಕೇಳಿದರೆ ಕೆಲಸ ಬಲ್ಲವರೆಂದು ನಂಬಬಹುದು. ಹೆಸರುಪಟ್ಟಿಯಿಲ್ಲದ ಬಾಟಲಿಯೊಂದನ್ನು ನಂಬಿ ಕಾಳನ ಬೆನ್ನಿಗೆ ಹಚ್ಚಿಸಿದ್ದೆ. ರಾತ್ರಿಯೆಲ್ಲ ನೆಲಕ್ಕೆ ಮೈ ಉಜ್ಜಿದ, ಬೆಳಗಾಗುವುದರಲ್ಲಿ ಅಂಗೈಯಗಲ ಚರ್ಮ ಕೆಂಪಾಗಿತ್ತು. ಈಗ ಯಾವ ಎಣ್ಣೆಯಾದರೂ ಮೊದಲು ರೂಪಾಯಿ ಬಿಲ್ಲೆಯಷ್ಟು ಜಾಗಕ್ಕೆ ಹಚ್ಚಿ ಒಂದು ದಿನ ಕಾಯುತ್ತೇನೆ. ಟೀ ಟ್ರೀ ಎಣ್ಣೆ ಇದ್ದರೆ ಮುಟ್ಟುವುದೇ ಇಲ್ಲ, ನಾಯಿ ಬೆಕ್ಕು ಎರಡಕ್ಕೂ ಅದು ವಿಷ. ಊಟದಲ್ಲಿ ಬೆಳ್ಳುಳ್ಳಿ ಕೊಟ್ಟರೆ ಉಣ್ಣೆ ಓಡುತ್ತದೆ ಎಂಬ ಮಾತೂ ಬೇಡ, ಉಳ್ಳಾಗಡ್ಡಿ-ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ. ಉಪ್ಪು ಹಾಕದ ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ ಸಾಕು, ಜೊತೆಗೆ ಮೊಟ್ಟೆಯೊಂದು.

ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಓಡಬೇಕಾದ ಗುರುತುಗಳಿವೆ. ಉಣ್ಣೆಯಿಂದ ಹರಡುವ ಎರ್ಲಿಕಿಯಾ, ಬಬೇಸಿಯಾ ಜ್ವರಗಳಲ್ಲಿ ನಾಯಿ ತಟ್ಟೆಯ ಹತ್ತಿರ ಬಂದು ಮೂಸಿ ಹಿಂದೆ ಸರಿಯುತ್ತದೆ. ತುಟಿ ಎತ್ತಿ ನೋಡಿದರೆ ಗುಲಾಬಿ ಬಣ್ಣದ ಒಸಡು ಬಿಳಿಚಿರುತ್ತದೆ. ಮೂಗಿನಿಂದ ರಕ್ತ ಬರಬಹುದು, ಮೂತ್ರ ಕೆಂಪಾಗಬಹುದು. ನಾಯಿಯ ಸಹಜ ಉಷ್ಣಾಂಶವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, 103 ದಾಟಿದರೆ ಜ್ವರ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಒಂದೇ ಗುಳಿಗೆ ಪ್ರಾಣಕ್ಕೆ ಕುತ್ತು. ಬೀದರ್ ಕಡೆಯವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಹತ್ತಿರ, ಉಳಿದವರು ತಮ್ಮೂರಿನ ಪಶು ಆಸ್ಪತ್ರೆಗೆ ಹೋಗಿ. ಉಣ್ಣೆ ಹತ್ತಿತ್ತೆಂಬುದನ್ನು, ಎಂದಿನಿಂದ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಏನು ಹಚ್ಚಿದ್ದಿರೋ ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.