ಸ್ವಿಸ್‌ನಲ್ಲಿ ಟಿಕೆಟ್ ದಿನಕ್ಕೆ, ಇಟಲಿಯಲ್ಲಿ ಗಾಡಿಗೆ

ಮದುವೆಯಾದ ಹೊಸತರಲ್ಲಿ ನಾವಿಬ್ಬರೇ ಜೂರಿಕ್‌ನಿಂದ ಫ್ಲಾರೆನ್ಸ್‌ಗೆ ಹೊರಟಿದ್ದೆವು. ಮಿಲಾನೋದಲ್ಲಿ ಗಾಡಿ ಬದಲಿಸಲು ನಾನು ಇಟ್ಟುಕೊಂಡಿದ್ದ ಬಿಡುವು ಮೂವತ್ತೈದು ನಿಮಿಷ. ಗಡಿಯ ಆಚೀಚೆ ಎಲ್ಲೋ ನಮ್ಮ ಗಾಡಿ ನಿಂತಿತು, ಆಮೇಲೆ ತೆವಳಿತು. ಮಿಲಾನೋ ಮುಟ್ಟುವಷ್ಟರಲ್ಲಿ ಮುಂದಿನದು ಹೊರಟು ಕಾಲು ಗಂಟೆಯಾಗಿತ್ತು. ಎರಡು ಟಿಕೆಟ್ಟನ್ನೂ ಬೇರೆ ಬೇರೆಯಾಗಿ ಕೊಂಡಿದ್ದೆ. ಎರಡನೆಯದು ಎಲ್ಲಕ್ಕಿಂತ ಅಗ್ಗದ್ದು, ಬದಲಿಸಲು ಬಾರದ್ದು. ಹೊಸ ಟಿಕೆಟ್ಟಿಗೆ ಕೊಟ್ಟ ದುಡ್ಡಿನಲ್ಲಿ ಮೂರು ದಿನ ಊಟ ಮಾಡಬಹುದಿತ್ತು. ಇವರು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಈ ಸಲ ಹೊರಟವರು ಐದು ಜನ. ಹನ್ನೊಂದರ ಮಗಳು, ಐದರ ಮಗ, ಮಂಡಿನೋವಿನ ಅತ್ತೆ, ನಾವಿಬ್ಬರು. ಮೈಸೂರಿನ ಊಟದ ಮೇಜಿನ ಮೇಲೆ ನಕ್ಷೆ ಹರಡಿ ಕೂತ ಮೊದಲ ರಾತ್ರಿಯೇ ಹಳೆಯ ಪಾಠವನ್ನು ಒಂದು ಸಾಲಿನಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ: ಸ್ವಿಸ್‌ನಲ್ಲಿ ಟಿಕೆಟ್ ದಿನಕ್ಕೆ, ಇಟಲಿಯಲ್ಲಿ ಗಾಡಿಗೆ.

ಅಂದರೆ ಇಷ್ಟೇ. ಸ್ವಿಟ್ಜರ್‌ಲೆಂಡಿನ ಮಾಮೂಲಿ ಟಿಕೆಟ್ಟಾಗಲಿ ಪಾಸಾಗಲಿ ಇದ್ದರೆ ಆ ದಿನ ಆ ದಾರಿಯ ಯಾವ ಗಾಡಿಯಾದರೂ ಹತ್ತಬಹುದು. ಒಂದು ತಪ್ಪಿದರೆ ಅರ್ಧ ಗಂಟೆಗೋ ಗಂಟೆಗೋ ಇನ್ನೊಂದು. ರಿಯಾಯಿತಿಯ ಸೂಪರ್‌ಸೇವರ್ ಟಿಕೆಟ್ ಮಾತ್ರ ಗಾಡಿಗೆ ಕಟ್ಟುಬಿದ್ದಿರುತ್ತದೆ. ಇಟಲಿಯ ವೇಗದ ಗಾಡಿಗಳು, ಅಂದರೆ ಫ್ರೆಚ್ಚಾರೊಸ್ಸಾ, ಇತಾಲೊ, ಹಾಗಲ್ಲ. ಅಲ್ಲಿ ಟಿಕೆಟ್ಟೆಂದರೆ ಇಂಥ ಗಾಡಿ, ಇಂಥ ಡಬ್ಬಿ, ಇಂಥ ಸೀಟು. ವಿಮಾನದ ಟಿಕೆಟ್ಟಿನ ಹಾಗೆ ದರವೂ ದಿನದಿಂದ ದಿನಕ್ಕೆ ಏರುತ್ತದೆ. ಅದೇ ಇಟಲಿಯ ಪ್ರಾದೇಶಿಕ ಗಾಡಿಗಳಿಗೆ ಮತ್ತೆ ಬೇರೆ ನ್ಯಾಯ: ದರ ನಿಗದಿ, ಸೀಟು ನಂಬರಿಲ್ಲ, ಅವತ್ತೇ ಕೊಂಡರೂ ಅದೇ ಬೆಲೆ. ಹಾಗಾಗಿ ಗಡಿ ದಾಟುವ ದಿನ, ತಪ್ಪಿದರೂ ನಷ್ಟವಾಗದ ಗಾಡಿಗಳಲ್ಲೇ ದಾಟುವುದು, ವೇಗದ ಗಾಡಿಯನ್ನು ಇನ್ನೊಂದು ದಿನಕ್ಕೆ ಇಡುವುದು ಎಂದು ನಿರ್ಧರಿಸಿದೆ.

ದಾಟಲು ದಾರಿ ಮೂರು. ಎಲ್ಲರೂ ಹಿಡಿಯುವುದು ಗೊಟ್ಟಾರ್ಡ್: ಜೂರಿಕ್, ಲುಗಾನೊ, ಕಿಯಾಸೊ, ಕೋಮೊ, ಮಿಲಾನೋ. 2016ರಲ್ಲಿ 57 ಕಿಲೋಮೀಟರಿನ ತಳ ಸುರಂಗ ತೆರೆದ ಮೇಲೆ, 2020ರಲ್ಲಿ ಚೆನೆರಿ ಸುರಂಗವೂ ಸೇರಿ, ಈ ಪ್ರಯಾಣ ಮೂರೂಕಾಲು ಗಂಟೆಯ ಆಸುಪಾಸಿಗೆ ಇಳಿದಿದೆ. ವೇಗಕ್ಕೆ ಇದೇ ಸರಿ, ಆದರೆ ಆಲ್ಪ್ಸ್ ನೋಡಲು ಹೋದವರು ಆಲ್ಪ್ಸ್‌ನ ಹೊಟ್ಟೆಯೊಳಗೆ ಇಪ್ಪತ್ತು ನಿಮಿಷ ಕತ್ತಲೆ ನೋಡುತ್ತಾ ಕೂರಬೇಕು. (ಹಳೆಯ ಬೆಟ್ಟದ ಹಳಿ ಈಗಲೂ ಇದೆ. ಗಾಡಿ ಸುತ್ತಿ ಸುತ್ತಿ ಏರುವಾಗ ವಾಸೆನ್ ಊರಿನ ಚರ್ಚು ಮೂರು ಎತ್ತರಗಳಿಂದ ಮೂರು ಸಲ ಕಾಣುತ್ತದೆ. ಸಮಯವಿದ್ದವರು ಅದನ್ನು ಹಿಡಿಯಲಿ.) ಎರಡನೆಯದು ಬ್ರಿಗ್‌ನಿಂದ 1906ರ ಸಿಂಪ್ಲಾನ್ ಸುರಂಗ ಹೊಕ್ಕು ಇಟಲಿಯ ದೊಮೊದೊಸ್ಸೊಲಾ ಮುಟ್ಟುವ ದಾರಿ. ಜಿನೀವಾ, ಬರ್ನ್ ಕಡೆಯಿಂದ ಬರುವವರಿಗೆ ಅನುಕೂಲ. ಮೂರನೆಯದು ಬರ್ನೀನಾ, ಸೇಂಟ್ ಮೊರಿಟ್ಜ್‌ನಿಂದ ತಿರಾನೊ. ನಿಧಾನ, ಸುತ್ತು, ಮಧ್ಯೆ ಗಾಡಿ ಬದಲಿಸಬೇಕು. ನಾನು ಆರಿಸಿದ್ದು ಇದನ್ನೇ.

ಕಾರಣ ನೋಟವೊಂದೇ ಅಲ್ಲ. ಬರ್ನೀನಾ ಎಕ್ಸ್‌ಪ್ರೆಸ್ ಎಂಬ ದೊಡ್ಡ ಗಾಜಿನ ಕಿಟಕಿಯ ಪ್ರವಾಸಿ ಗಾಡಿಗೆ ಪಾಸ್ ಇದ್ದರೂ ಸೀಟು ಕಾದಿರಿಸಲೇಬೇಕು, ಅದಕ್ಕೆ ಬೇರೆ ದುಡ್ಡು. ಅದೇ ಹಳಿಯ ಮೇಲೆ ಪ್ರಾದೇಶಿಕ ಗಾಡಿಯೂ ಓಡುತ್ತದೆ, ಅದಕ್ಕೆ ಕಾದಿರಿಸುವ ಗೋಜೇ ಇಲ್ಲ. ಅದೇ ಸೇತುವೆ, ಅದೇ ಸುರಂಗ. ಅದರ ಎಷ್ಟೋ ಡಬ್ಬಿಗಳಲ್ಲಿ ಕಿಟಕಿ ಕೆಳಗಿಳಿಸಬಹುದು, ಫೋಟೋಗೆ ಗಾಜಿನ ಹೊಳಪು ಅಡ್ಡ ಬರುವುದಿಲ್ಲ. ಸ್ವಿಸ್ ಟ್ರಾವೆಲ್ ಪಾಸ್ ಗಡಿಯಾಚೆಯ ತಿರಾನೊವರೆಗೂ ನಡೆಯುತ್ತದೆ. ಹಾಗಾಗಿ ಆರು ದಿನದ ಪಾಸ್ ಕೊಂಡು, ಜೂರಿಕ್ ವಿಮಾನ ನಿಲ್ದಾಣದ ಕೆಳಗೇ ಇರುವ ಸ್ಟೇಷನ್ನಿನಲ್ಲಿ ಮೊದಲ ದಿನ ಶುರುಮಾಡಿ, ಆರನೇ ದಿನವನ್ನು ಗಡಿ ದಾಟಲು ಇಟ್ಟೆ.

ಮಕ್ಕಳ ಲೆಕ್ಕ ಸುಲಭ. ಆರು ತುಂಬದ ಮಗನಿಗೆ ಟಿಕೆಟ್ಟೇ ಬೇಡ. ಮಗಳಿಗೆ ಸ್ವಿಸ್ ಫ್ಯಾಮಿಲಿ ಕಾರ್ಡ್. ಪಾಸ್ ಇರುವ ಅಪ್ಪನೋ ಅಮ್ಮನೋ ಜೊತೆಗಿದ್ದರೆ ಹದಿನಾರು ತುಂಬುವವರೆಗೆ ಉಚಿತ. ಆದರೆ ಪಾಸ್ ಕೊಳ್ಳುವಾಗಲೇ ಕಾರ್ಡನ್ನೂ ಕೇಳಿ ಹಾಕಿಸಿಕೊಳ್ಳಬೇಕು.

ವೀಸಾ ವಿಷಯದಲ್ಲೂ ಫ್ರಿಜ್ಜಿನ ಮೇಲಿನ ಸಾಲು ಕೆಲಸಕ್ಕೆ ಬಂತು. ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ 2008ರಿಂದ ಷೆಂಗೆನ್ ಎಂಬ ಯುರೋಪಿನ ದೇಶಗಳ ಗುಂಪಿನಲ್ಲಿದೆ, ಎರಡೂ ದೇಶಕ್ಕೆ ಒಂದೇ ವೀಸಾ ಸಾಕು. ಅರ್ಜಿ ಹಾಕಬೇಕಾದದ್ದು ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ. ನಮ್ಮದು ಸ್ವಿಸ್‌ನಲ್ಲಿ ಐದು, ಇಟಲಿಯಲ್ಲಿ ಏಳು, ಆದ್ದರಿಂದ ಇಟಲಿಗೆ. ವೀಸಾ ಕೈಗೆ ಬರುವ ಮುಂಚೆ ವಾಪಸಾಗದ ಟಿಕೆಟ್ ಕೊಳ್ಳಲು ಧೈರ್ಯವಿಲ್ಲ, ಬಂದ ಮೇಲೆ ಕೊಳ್ಳೋಣವೆಂದರೆ ದರ ಏರಿರುತ್ತದೆ. ಸ್ವಿಸ್ ಪಾಸಿಗೆ ಈ ಚಿಂತೆಯಿಲ್ಲ, ಇವತ್ತು ಕೊಂಡರೂ ಹೊರಡುವ ಹಿಂದಿನ ದಿನ ಕೊಂಡರೂ ಬೆಲೆ ಒಂದೇ. ಬೇಗ ಕೊಳ್ಳಬೇಕಾದದ್ದು ಇಟಲಿಯ ವೇಗದ ಗಾಡಿಗಳು ಮಾತ್ರ: ಮಿಲಾನೋದಿಂದ ಫ್ಲಾರೆನ್ಸ್, ಅಲ್ಲಿಂದ ರೋಮ್. ಅವೆರಡನ್ನೂ ಸ್ವಲ್ಪ ಹೆಚ್ಚು ಕೊಟ್ಟು, ಬದಲಿಸಬಹುದಾದ ದರದಲ್ಲಿ ಕೊಂಡೆ. ಮಿಕ್ಕಿದ್ದನ್ನೆಲ್ಲ ಹಾಗೇ ಬಿಟ್ಟೆ.

ಸಾಮಾನಿನ ಬಗ್ಗೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ನನ್ನ ನಿಯಮ, ಎತ್ತಲು ಇಬ್ಬರು ಬೇಕಾಗುವ ಬ್ಯಾಗು ಬೇಡ. ಯುರೋಪಿನಲ್ಲಿ ಕೂಲಿಯವರನ್ನು ಹುಡುಕುತ್ತಾ ನಿಂತರೆ ಗಾಡಿ ಹೋಗಿರುತ್ತದೆ, ಇಟಲಿಯ ಹಳೆಯ ಪ್ರಾದೇಶಿಕ ಡಬ್ಬಿಗಳ ಮೆಟ್ಟಿಲು ನಮ್ಮೂರಿನ ಗಾಡಿಗಳಷ್ಟೇ ಎತ್ತರ. ಹೊರಡುವ ವಾರ ತುಂಬಿದ ಬ್ಯಾಗುಗಳನ್ನು ಎಲ್ಲರ ಕೈಲೂ ಟೆರೇಸಿಗೆ ಹತ್ತಿಸಿ ಇಳಿಸಿದೆ. ಇವರ ಬ್ಯಾಗಿನಿಂದ ಎರಡು ಜೊತೆ ಬೂಟು ಹೊರಬಂತು. ಅತ್ತೆಯ ಬ್ಯಾಗಿನ ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ ಮಾತ್ರ ಅಲುಗಲಿಲ್ಲ.

ನಾಲ್ಕು ರಾತ್ರಿ ಲುಸರ್ನ್‌ನಲ್ಲಿ ಕಳೆದೆವು. ಕೆರೆಯ ಹಡಗುಗಳಿಗೂ ಅದೇ ಪಾಸ್ ನಡೆದದ್ದರಿಂದ ಅತ್ತೆ ಅರ್ಧ ದಿನ ಹಡಗಿನಲ್ಲೇ ಕೂತಿದ್ದರು. ಐದನೆಯ ರಾತ್ರಿಗೆ ಕೂರ್ ಪಟ್ಟಣಕ್ಕೆ ಬಂದೆವು. ಲುಸರ್ನ್‌ನಿಂದ ತಿರಾನೊ ಒಂದೇ ದಿನಕ್ಕೆ ಮುಗಿಯುತ್ತದೆ, ಆದರೆ ಐದು ವರ್ಷದವನನ್ನು ಕೂರಿಸಿಕೊಂಡು ಬೇಡ ಅನ್ನಿಸಿತು. ಜೂರಿಕ್‌ನಿಂದ ಕೂರ್‌ಗೆ ಹತ್ತಿದ ಎರಡಂತಸ್ತಿನ ಇಂಟರ್‌ಸಿಟಿಯಲ್ಲಿ ಮೇಲಂತಸ್ತಿನ ಒಂದು ತುದಿ ಪೂರ್ತಿ ಮಕ್ಕಳ ಆಟದ ಜಾಗ, ಜಾರುಬಂಡೆ ಸಮೇತ. ಮಗನಿಗೆ ಸ್ವಿಟ್ಜರ್‌ಲೆಂಡ್ ಎಂದರೆ ಇವತ್ತಿಗೂ ಆ ಜಾರುಬಂಡೆ.

ಗಡಿಯ ದಿನ ಬೆಳಿಗ್ಗೆ ಕೂರ್‌ನಿಂದ ಸೇಂಟ್ ಮೊರಿಟ್ಜ್‌ಗೆ ಎರಡು ಗಂಟೆ. ಅಲ್ಲಿ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಒಂದು ಗಾಡಿಯನ್ನು ಬೇಕೆಂದೇ ಬಿಟ್ಟು ಮುಂದಿನದು ಹತ್ತಿ, ಬಲಗಡೆಯ ಸೀಟು ಹಿಡಿದೆವು. ಹಿಮನದಿ, ಕಣಿವೆ, ಬಿಳಿ ಕೆರೆ ಎಲ್ಲ ಹೆಚ್ಚಾಗಿ ಆ ಕಡೆಗೇ. ಗಾಡಿ 2253 ಮೀಟರ್ ಎತ್ತರದ ಓಸ್ಪಿಜಿಯೊ ಬರ್ನೀನಾ ದಾಟಿ, 429 ಮೀಟರಿನ ತಿರಾನೊಗೆ ಇಳಿಯುತ್ತದೆ. ಅಷ್ಟು ಇಳಿಜಾರಿನಲ್ಲೂ ಹಲ್ಲುಚಕ್ರವಿಲ್ಲ, ಬರೀ ಹಳಿ, ಬರೀ ಗಾಲಿ.

ಅತ್ತೆಯ ತೌರು ಪುತ್ತೂರು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಹಳಿ ಅವರಿಗೆ ಮನೆಯ ಅಂಗಳವಿದ್ದ ಹಾಗೆ, 57 ಸುರಂಗಗಳನ್ನೂ ಎಣಿಸಿದವರು. "ನಮ್ಮ ಘಾಟಿಯೂ ಹೀಗೇ ಅಲ್ವೇನೆ?" ಎಂದರು. ನಮ್ಮದು ಐವತ್ತು ಅಡಿಗೆ ಒಂದಡಿ ಏರುತ್ತದೆ, ಇದು ಹದಿನಾಲ್ಕಕ್ಕೇ ಒಂದು ಎಂದೆ. ಅವರು ಸ್ವಲ್ಪ ಹೊತ್ತು ಹೊರಗೆ ನೋಡಿ, "ಆದರೆ ಇಲ್ಲಿ ಮಳೆ ಎಲ್ಲಿದೆ?" ಎಂದರು. ಬ್ರೂಸಿಯೊ ಹತ್ತಿರ ಹಳಿ ಕಲ್ಲಿನ ಕಮಾನುಗಳ ಮೇಲೆ ಪೂರಾ ಒಂದು ಸುತ್ತು ಹಾಕಿ ತನ್ನ ಕೆಳಗೇ ನುಸುಳುತ್ತದೆ. ಅಲ್ಲಿ ಮಾತ್ರ ಸುಮ್ಮನಾದರು.

ತಿರಾನೊದಲ್ಲಿ ಎರಡು ಸ್ಟೇಷನ್, ಪಕ್ಕಪಕ್ಕದಲ್ಲೇ: ಒಂದು ಸ್ವಿಸ್ಸಿನದು, ಒಂದು ಇಟಲಿಯದು. ನಮ್ಮನ್ನು ಅಂದು ಯಾರೂ ತಡೆದು ಕೇಳಲಿಲ್ಲ, ಆದರೆ ತಪಾಸಣೆ ಯಾವಾಗ ಬೇಕಾದರೂ ನಡೆಯಬಹುದು, ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ. ಫ್ರಾಂಕ್ ಒಳಗಿಟ್ಟು ಯೂರೋ ತೆಗೆದು, ಎದುರಿನ ಹೋಟೆಲಿನಲ್ಲಿ ಪಿಜ್ಜೊಕ್ಕೆರಿ ತಿಂದೆವು. ಬಕ್‌ವೀಟ್ ಹಿಟ್ಟಿನ ಪಟ್ಟಿಗಳು, ಆಲೂಗಡ್ಡೆ, ಕೋಸು, ಚೀಸ್, ಬೆಣ್ಣೆ. ಬಣ್ಣ ಥೇಟ್ ರಾಗಿ. ಆಮೇಲೆ ಮಿಲಾನೋ ಕಡೆಯ ಪ್ರಾದೇಶಿಕ ಗಾಡಿಗೆ ಯಂತ್ರದಲ್ಲಿ ಟಿಕೆಟ್ ತೆಗೆದೆವು. ಕಾಗದದ ಟಿಕೆಟ್ಟಾದರೆ ಹತ್ತುವ ಮುಂಚೆ ಅಲ್ಲಿನ ಸಣ್ಣ ಯಂತ್ರಕ್ಕೆ ತೂರಿಸಿ ತಾರೀಖಿನ ಮುದ್ರೆ ಒತ್ತಿಸಿಕೊಳ್ಳಬೇಕು. ಮರೆತರೆ ಟಿಕೆಟ್ ಇದ್ದೂ ದಂಡ ತೆರಬೇಕಾದೀತು. ಇಲ್ಲೂ ಬಲಗಡೆ ಕೂರಿ, ಕೋಮೊ ಕೆರೆ ಆ ಕಡೆಗೇ. ನೇರ ಮಿಲಾನೋಗೆ ಎರಡೂವರೆ ಗಂಟೆ. ನಾವು ನಡುವೆ ಆ ಕೆರೆಯ ದಂಡೆಯ ವರೆನ್ನಾದಲ್ಲೇ ಇಳಿದು ಎರಡು ರಾತ್ರಿ ತಂಗಿದೆವು.

ಅಲ್ಲಿ ಒಂದು ಎಡವಟ್ಟು. ಹೊರಡುವ ಹಿಂದಿನ ಸಂಜೆ ಸ್ಟೇಷನ್ನಿಗೆ ಸುಮ್ಮನೆ ನಡೆದು ಹೋದಾಗ ಗೋಡೆಯ ಮೇಲೆ 'ಶೋಪೆರೊ' ಎಂಬ ಚೀಟಿ ಕಾಣಿಸಿತು. ಮುಷ್ಕರ, ಅದೂ ನಾಳೆಯೇ, ಪ್ರಾದೇಶಿಕ ಗಾಡಿಗಳದ್ದು. ಇಟಲಿಯಲ್ಲಿ ಮುಷ್ಕರಗಳನ್ನು ಮೊದಲೇ ಸಾರುತ್ತಾರೆ, ನೋಡಿಕೊಳ್ಳದಿದ್ದದ್ದು ನಾನು. ನಮ್ಮ ವೇಗದ ಗಾಡಿ ಮಿಲಾನೋದಿಂದ ಹೊರಡುವುದು ಹನ್ನೊಂದರ ಸುಮಾರಿಗೆ, ವರೆನ್ನಾದಿಂದ ಒಂಬತ್ತಕ್ಕೆ ಹೊರಟರಾಯಿತೆಂದುಕೊಂಡಿದ್ದೆ. ಕೈ ಹಿಡಿದದ್ದು ಅಲ್ಲಿನ ಕಾನೂನು. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಮುಷ್ಕರವಿದ್ದರೂ ಪ್ರಾದೇಶಿಕ ಗಾಡಿಗಳನ್ನು ಓಡಿಸಲೇಬೇಕು. ನಸುಕಿಗೇ ಎಲ್ಲರನ್ನೂ ಎಬ್ಬಿಸಿ, ಏಳುವ ಮನಸ್ಸಿಲ್ಲದ ಮಗನನ್ನು ಇವರ ಹೆಗಲಿಗೇರಿಸಿ, ಏರುದಾರಿ ಹತ್ತಿ ಏಳಕ್ಕೆ ಮುಂಚಿನ ಗಾಡಿ ಹಿಡಿದೆವು. ಬ್ಯಾಗು ಎಳೆಯುತ್ತಾ ಇವರು ಬೂಟಿನ ಮಾತೆತ್ತಲಿಲ್ಲ.

ಎಂಟೂಕಾಲಿಗೆ ಮಿಲಾನೋ ಚೆಂತ್ರಾಲೆ. ಬಿಡುವು ಮೂವತ್ತೈದು ನಿಮಿಷವಲ್ಲ, ಮೂರು ಗಂಟೆಗೆ ಹತ್ತಿರ. 1931ರ ಆ ದೈತ್ಯ ಕಟ್ಟಡದಲ್ಲಿ ಒಂದು ಮೂಲೆ ಹಿಡಿದು ಕೂತೆವು. ಸ್ವಿಸ್‌ನಲ್ಲಿ ಪ್ಲಾಟ್‌ಫಾರ್ಮ್ ನಂಬರು ದಿನಗಳ ಮುಂಚೆಯೇ ಗೊತ್ತಿರುತ್ತದೆ, ಇಲ್ಲಿ ಹೊರಡಲು ಹತ್ತು ಹದಿನೈದು ನಿಮಿಷವಿರುವಾಗ ಬೋರ್ಡಿನಲ್ಲಿ ಮೂಡುತ್ತದೆ. ಅದಕ್ಕೆಂದೇ ಅತ್ತೆಗೆ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದೆ: ಫ್ಲಾರೆನ್ಸ್ ಅಂದರೆ ಫಿರೆಂಜೆ, ವೆನಿಸ್ ಅಂದರೆ ವೆನೇಜಿಯಾ, ಪ್ಲಾಟ್‌ಫಾರ್ಮ್ ಅಂದರೆ ಬಿನಾರಿಯೊ. ಆದರೆ ದೊಡ್ಡ ಅಕ್ಷರದಲ್ಲಿ ಫಿರೆಂಜೆ ಎಲ್ಲೂ ಕಾಣಲಿಲ್ಲ, ಯಾಕೆಂದರೆ ಗಾಡಿ ಹೋಗುವುದು ನಾಪೊಲಿಗೆ, ಬೋರ್ಡು ತೋರಿಸುವುದು ಕೊನೆಯ ಊರನ್ನು. ಇವರು ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದರು. ಅವಲಕ್ಕಿ ಡಬ್ಬಿಯ ಮುಚ್ಚಳ ಹಾಕುತ್ತಾ ಅತ್ತೆ ಮೊಮ್ಮಗಳ ಕೈಯಿಂದ ಟಿಕೆಟ್ ಇಸಿದುಕೊಂಡು, ಗಾಡಿಯ ನಂಬರನ್ನು ಬೋರ್ಡಿನೊಂದಿಗೆ ಒಂದೊಂದಾಗಿ ತಾಳೆ ನೋಡಿ, "ಹದಿನಾಲ್ಕು" ಎಂದು ಎದ್ದು ನಿಂತರು.