ಮುಟ್ಟಿನ ಏರುಪೇರನ್ನು ಕ್ಯಾಲೆಂಡರಿನಲ್ಲಿ ಬರೆದಿಡುವುದು ಹೇಗೆ?

'ಮುಟ್ಟು ಸರಿಯಾಗಿ ಆಗ್ತಿಲ್ಲ' ಎಂದಷ್ಟೇ ಹೇಳಿದರೆ ಡಾಕ್ಟರಿಗೆ ಕಾರಣ ಹುಡುಕುವುದು ಕಷ್ಟ. ಗೋಡೆಯ ಕ್ಯಾಲೆಂಡರೇ ಸಾಕು, ಮೂರು ತಿಂಗಳು ಗುರುತು ಹಾಕಿ. ಸ್ರಾವ ಶುರುವಾದ ದಿನವೇ 1ನೇ ದಿನ. ಹಲವರು ನಿಂತ ದಿನದಿಂದ ಎಣಿಸುತ್ತಾರೆ. ಆಗ ಚಕ್ರ ನಾಲ್ಕೈದು ದಿನ ಚಿಕ್ಕದಾಗಿ ಕಾಣುತ್ತದೆ.

ವಯಸ್ಕರಲ್ಲಿ 24ರಿಂದ 38 ದಿನಕ್ಕೊಮ್ಮೆ ಬಂದು 8 ದಿನದೊಳಗೆ ನಿಂತರೆ ಅದು ಸಹಜ. ಪ್ರತಿ ತಿಂಗಳೂ ಅದೇ ತಾರೀಖಿಗೆ ಬರಬೇಕೆಂದಿಲ್ಲ. ಮೈನೆರೆದ ಮೊದಲ ಎರಡು-ಮೂರು ವರ್ಷ ಅಂಡಾಣು ಬಿಡುಗಡೆ ಹದಕ್ಕೆ ಬಂದಿರುವುದಿಲ್ಲ, ಹಾಗಾಗಿ ಹಿಂದುಮುಂದಾಗುತ್ತದೆ.

ಹೆಂಗಸರು ಸಹಿಸಿಕೊಂಡು ಸುಮ್ಮನಿರುವುದು ಅತಿಸ್ರಾವವನ್ನು. ಪ್ಯಾಡ್ ಬದಲಿಸಿದಾಗಲೆಲ್ಲ ಒಂದು ಗೀಟು ಎಳೆಯಿರಿ, ಪೂರ್ತಿ ನೆನೆದಿದ್ದರೆ ಅದಕ್ಕೊಂದು ಸುತ್ತು ಹಾಕಿ. ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಹೆಪ್ಪು ಬಿದ್ದರೆ, ರಾತ್ರಿ ಎದ್ದು ಪ್ಯಾಡ್ ಬದಲಿಸಬೇಕಾದರೆ ಅದನ್ನೂ ಬರೆಯಿರಿ. ಗಂಟೆಗೊಂದು ಪ್ಯಾಡ್ ನೆನೆಯುವುದು ಎರಡು ಗಂಟೆ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಗರ್ಭಕೋಶದ ಗಡ್ಡೆ, ಥೈರಾಯ್ಡ್, ರಕ್ತ ಹೆಪ್ಪುಗಟ್ಟುವಲ್ಲಿನ ದೋಷ, ಇದರಲ್ಲಿ ಯಾವುದಾದರೂ ಕಾರಣವಿರಬಹುದು. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ಪರೀಕ್ಷೆಯನ್ನೂ ಕೇಳಿ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಕಾಫಿ-ಟೀ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕ ಒಳ್ಳೆಯದು.

ಮೂರು ತಿಂಗಳು ಮುಟ್ಟೇ ಆಗದಿದ್ದರೆ ಮೊದಲು ಗರ್ಭಪರೀಕ್ಷೆ, ಆಮೇಲೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ಪರೀಕ್ಷೆ, ಹಾರ್ಮೋನು ಏರುಪೇರಾಗಿ ಅಂಡಾಣು ಬಿಡುಗಡೆ ತಪ್ಪುವ ಪಿಸಿಓಎಸ್‌ಗಾಗಿ ಸ್ಕ್ಯಾನಿಂಗ್. ಮೆಡಿಕಲ್ ಶಾಪಿನಿಂದ 'ಮುಟ್ಟು ಬರಿಸುವ ಮಾತ್ರೆ' ತಂದು ನುಂಗಬೇಡಿ, ಮೂಲ ಕಾರಣ ಮುಚ್ಚಿಹೋಗುತ್ತದೆ.

ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಬರೆದಿಡುತ್ತಾ ಕೂರಬೇಡಿ, ಆ ವಾರವೇ ತೋರಿಸಿ.